ಬಾಲದ ಗಾಡಿ

ನನಗೂ ಅಣ್ಣನಿಗೂ ಜೀಪು ಓಡಿಸಲು ಕಲಿಸಿದವನು ಅಪ್ಪ. ಕಲಿಸಿದ್ದು ಅಣ್ಣನಿಗೆ ಎನ್ನುವುದೇ ಸರಿ. ನಾನು ಹಿಂದೆ ಗೊಬ್ಬರದ ಚೀಲದ ಮೇಲೆ ಕೂತು ಕೇಳಿಸಿಕೊಂಡು ಕಲಿತೆ. ನನಗೆ ಹದಿನೆಂಟು ತುಂಬಿದ ವರ್ಷ, ಒಂದು ದಿನ ಅಣ್ಣ ಜ್ವರ ಬಂದು ಮಲಗಿದ್ದ. ಅಪ್ಪನ ಅಂಗೈಗೆ ಮುಳ್ಳು ಹೊಕ್ಕು ಬಾತುಕೊಂಡಿತ್ತು. ಮೆಣಸು ಸೋಮವಾರಪೇಟೆಗೆ ಹೋಗಲೇಬೇಕಿತ್ತು. ನಾನು ಹೋಗಿ ಸ್ಟೀರಿಂಗ್ ಮುಂದೆ ಕೂತೆ. ಅಪ್ಪ ಬೇಡ ಅನ್ನಲಿಲ್ಲ. ನಮ್ಮ ಮನೆಯಿಂದ ಡಾಂಬರು ರಸ್ತೆ ಸಿಗುವವರೆಗೆ ದಾರಿಯೆಲ್ಲ ಕಲ್ಲು. ಅಷ್ಟು ದೂರದಲ್ಲಿ ಅವನು ಎರಡೇ ಮಾತು ಹೇಳಿದ. ಹೆಬ್ಬೆರಳನ್ನು ಸ್ಟೀರಿಂಗ್ ಒಳಗೆ ಹಾಕಬೇಡ, ಚಕ್ರ ಕಲ್ಲಿಗೆ ಹೊಡೆದರೆ ಸ್ಟೀರಿಂಗ್ ತಿರುಗಿ ಬೆರಳು ಮುರಿಯುತ್ತೆ. ದೊಡ್ಡ ಕಲ್ಲು ಬಂದರೆ ಗಾಡಿಯ ಹೊಟ್ಟೆಯ ಕೆಳಗೆ ಬಿಡಬೇಡ, ಟೈರು ಹತ್ತಿಸು. ಮೆಣಸಿನ ಮಂಡಿಯಲ್ಲಿ ಇಳಿದಾಗ ಅಲ್ಲಿದ್ದವರಿಗೆಲ್ಲ ಕೇಳುವಂತೆ, "ಮಗ್ಳೇ ತಂದ್ಲು" ಎಂದ. ಅವನು ನನ್ನನ್ನು ನಾಲ್ಕು ಜನರ ಮುಂದೆ ಹೊಗಳಿದ್ದು ಅದೊಂದೇ ಸಲ.

ಆ ಜೀಪು ಅಣ್ಣನಿಗೆ ಹೋಯಿತು. ಅದು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. "ಹೆಣ್ಣುಡ್ಗಿ ಜೀಪ್ ಓಡಿಸ್ಕೊಂಡು ಗಂಡನ ಮನೆಗೆ ಹೋಗ್ತಾಳಾ?" ಎಂದು ಅವ್ವ ನಕ್ಕಳು, ನಾನೂ ನಕ್ಕೆ. ಗಂಡನ ಮನೆಗೆ ಬಸ್ಸಿನಲ್ಲಿ ಹೋದೆ. ಮೂರು ವರ್ಷ ಕಳೆದ ಮೇಲೆ ಬಸ್ಸಿನಲ್ಲೇ ವಾಪಸ್ ಬಂದೆ. ಅವನು ಕೈ ಮಾಡುತ್ತಿದ್ದ ಎಂಬಷ್ಟು ಇಲ್ಲಿಗೆ ಸಾಕು. ನಾನು ಬಂದ ವರ್ಷವೇ ಅಪ್ಪ ತೀರಿಕೊಂಡ.

ಆಮೇಲೆ ಲೈಸೆನ್ಸ್ ಮಾಡಿಸಿ, ಕುಶಾಲನಗರದ ಹತ್ತಿರ ಒಂದು ನರ್ಸರಿಯ ಪಿಕಪ್ ಗಾಡಿ ಓಡಿಸಿದೆ. ಕಾಫಿ ಸಸಿ, ಮೆಣಸಿನ ಬಳ್ಳಿ, ಸಿಲ್ವರ್ ಓಕ್ ತುಂಬಿಕೊಂಡು ಕೊಡಗಿನ ಎಲ್ಲ ಮೂಲೆಗೂ ಹೋಗಿದ್ದೇನೆ. ಅಣ್ಣ ಜೀಪಿಗೆ ಹೊಸ ಬಣ್ಣ ಹೊಡೆಸಿ ಪ್ರವಾಸಿಗರನ್ನು ಬೆಟ್ಟ ಹತ್ತಿಸುತ್ತಿದ್ದ. ಚೆನ್ನಾಗಿಯೇ ಓಡಿಸುತ್ತಿದ್ದ, ಅದನ್ನು ಯಾವತ್ತೂ ಅಲ್ಲ ಎನ್ನಲಾರೆ. ಆದರೆ ಅವನಿಗೆ ಹಿಂದೆ ಕೂತವರು ಕಿರುಚಬೇಕಿತ್ತು. ಅವರು ಕಿರುಚದಿದ್ದರೆ ಮುಂದಿನ ತಿರುವಿನಲ್ಲಿ ಇನ್ನಷ್ಟು ಜೋರು ಮಾಡುತ್ತಿದ್ದ.

ನಮ್ಮ ಊರಿನ ಮೇಲುಗಡೆ ಒಂದು ರೆಸಾರ್ಟ್ ಆಗಿ ನಾಲ್ಕೈದು ವರ್ಷವಾಗಿತ್ತು. ಅವರು ಆರು ಹೊಸ ಗಾಡಿ ತರಿಸಿದರು. ಜೀಪಿಗಿಂತ ಕುಳ್ಳು, ಅಗಲ ಟೈರು, ಪಕ್ಕಪಕ್ಕ ಎರಡೇ ಸೀಟು, ತಲೆಯ ಮೇಲೆ ಕಬ್ಬಿಣದ ಪೈಪಿನ ಪಂಜರ, ಬಾಗಿಲಿನ ಬದಲು ಪಟ್ಟಿ ಹೆಣೆದ ಬಲೆ. ಬಲೆಯನ್ನು ಎಳೆದು ಕೊಂಡಿ ಹಾಕಬೇಕು. ಕಾಗದಪತ್ರದಲ್ಲಿ ಸೈಡ್ ಬೈ ಸೈಡ್ ಎಂದಿತ್ತು. ನಾವೆಲ್ಲ ಬಗ್ಗಿ ಎಂದೆವು. ಸ್ಟೀರಿಂಗ್ ಎಡಗಡೆಗೆ. ಜೀಪು ಓಡಿಸಿ ಅಭ್ಯಾಸವಾದವರಿಗೆ ಮೊದಮೊದಲು ಬಲಗಡೆಯ ಚಕ್ರ ಎಲ್ಲಿದೆ ಎಂದೇ ಅಂದಾಜು ಸಿಗುತ್ತಿರಲಿಲ್ಲ.

ಮ್ಯಾನೇಜರು ಬೆಂಗಳೂರಿನವರು. ಊರಿನ ಡ್ರೈವರುಗಳೇ ಬೇಕು ಎಂದು ಹೇಳಿಕಳಿಸಿದ್ದರು. ಅಣ್ಣ ಹೊರಟ. ನಾನೂ ಬರುತ್ತೇನೆ ಎಂದಾಗ ಅವನು ಅತ್ತಿಗೆಯ ಮುಖ ನೋಡಿದ. ಅತ್ತಿಗೆ, "ಬರ್ಲಿ ಬಿಡಿ, ಕೆಲ್ಸ ಸಿಕ್ರೆ ದಿನಾ ಕುಶಾಲನಗರಕ್ಕೆ ಬಸ್ಸಲ್ಲಿ ಸಾಯೋದು ತಪ್ಪುತ್ತೆ" ಎಂದಳು. ಗಾಡಿ ಕಳಿಸಿದ ಕಂಪನಿಯವರೇ ಒಬ್ಬ ಟ್ರೇನರನ್ನೂ ಕಳಿಸಿದ್ದರು. ಅವನು ಎಂಟು ಜನರನ್ನು ಒಬ್ಬೊಬ್ಬರಾಗಿ ಕಲ್ಲುದಾರಿಗೆ ಹತ್ತಿಸಿದ. ಅಣ್ಣ ಹೈ ಗೇರಿನಲ್ಲೇ ಇಟ್ಟು ಜೋರಾಗಿ ಹತ್ತಿಸಿದ. ಮೇಲೆ ಹೋಗುವಷ್ಟರಲ್ಲಿ ಎಂಜಿನ್ನಿನ ಬೆಲ್ಟು ಸುಟ್ಟ ವಾಸನೆ ಬಂತು. ನಾನು ಲೋ ಗೇರಿಗೆ ಹಾಕಿ, ಒಂದೊಂದೇ ಕಲ್ಲಿಗೆ ಟೈರು ಕೊಟ್ಟುಕೊಂಡು ಹೋದೆ. ಟ್ರೇನರು ಇಳಿದು ಎಲ್ಲರ ಮುಂದೆ, "ಹೀಗೆ ಓಡಿಸಬೇಕು" ಎಂದ. ಅಣ್ಣ ಬಾಗಿ ಷೂ ದಾರ ಬಿಗಿ ಮಾಡಿಕೊಂಡ.

ಇಬ್ಬರಿಗೂ ಕೆಲಸ ಸಿಕ್ಕಿತು. ನನ್ನ ಫೋಟೋ ತೆಗೆದರು. ಹೆಲ್ಮೆಟ್ಟನ್ನು ಕಂಕುಳಲ್ಲಿ ಹಿಡಿದು, ಒಂದು ಕಾಲನ್ನು ಬಂಡೆಯ ಮೇಲಿಟ್ಟು ನಿಂತ ಫೋಟೋ. ರೆಸಾರ್ಟಿನ ಗೇಟಿನಲ್ಲಿ ಆಳೆತ್ತರ ಹಾಕಿದರು. ಆದರೆ ಗಾಡಿಗಳ ಸಾಲು ಹೊರಟಾಗ ಮುಂದಿನ ಗಾಡಿ ಅಣ್ಣನದು, ನಡುವೆ ಗಿರಾಕಿಗಳೇ ಓಡಿಸುವ ನಾಲ್ಕು ಗಾಡಿ, ಕೊನೆಯದು ನನ್ನದು. ಕಾರಣ ಕೇಳಿದೆ. "ಮೇಡಂ, ಗೆಸ್ಟ್‌ಗಳಿಗೆ ಮುಂದೆ ಗಂಡಸು ಇದ್ರೆ ಒಂದು ಧೈರ್ಯ. ತಪ್ಪು ತಿಳ್ಕೋಬೇಡಿ" ಎಂದರು ಮ್ಯಾನೇಜರು. ಫೋಟೋದಲ್ಲಿ ಮುಂದೆ ನಿಂತವಳು ದಾರಿಯಲ್ಲಿ ಐದು ಗಾಡಿಯ ಧೂಳು ಕುಡಿಯುತ್ತಿದ್ದೆ. ಕೊನೆಯ ಗಾಡಿಗೆ ಎಲ್ಲರೂ ಬಾಲ ಎನ್ನುತ್ತಿದ್ದರು. ಸ್ವಲ್ಪ ದಿನಕ್ಕೆ ನನ್ನನ್ನೇ ಬಾಲ ಎನ್ನತೊಡಗಿದರು. ಆ ಹೆಸರು ಶುರು ಮಾಡಿದವನು ಅಣ್ಣ.

ದಾರಿ ಹೀಗಿತ್ತು. ಗೇಟಿನಿಂದ ಹೊರಟು ಹಳೇ ಏಲಕ್ಕಿ ಮಲೆಯೊಳಗೆ ಒಂದು ಮೈಲಿ, ಆಮೇಲೆ ಹಳ್ಳ, ಹಳ್ಳ ದಾಟಿದ ಮೇಲೆ ಏರು. ಅಲ್ಲಿ ಮಣ್ಣೆಲ್ಲ ಕೊಚ್ಚಿಹೋಗಿ ಕಲ್ಲು ಮೆಟ್ಟಿಲಿನಂತೆ ನಿಂತಿವೆ, ಕೆಲವು ಮೊಣಕಾಲೆತ್ತರ. ಅದನ್ನು ಹತ್ತಿದರೆ ದಾರಿ ಎರಡಾಗುತ್ತದೆ. ಒಂದು ಹುಲ್ಲಿನ ಇಳಿಜಾರಿನ ಬುಡದಲ್ಲಿ ಸುತ್ತಿಕೊಂಡು ಹೋಗುವ ಕೆಳದಾರಿ. ಇನ್ನೊಂದು ನೇರ ಹಾಸುಬಂಡೆಯ ಮೇಲೆ ಹಾಯುತ್ತದೆ. ಮನೆಯಂಗಳ ನಾಲ್ಕೈದು ಸೇರಿಸಿದಷ್ಟು ದೊಡ್ಡ ಬಂಡೆ, ಬಲಕ್ಕೆ ವಾಲಿಕೊಂಡಿದೆ. ಒಣಗಿದ್ದರೆ ಟೈರು ಅಂಟಿಕೊಂಡ ಹಾಗೆ ಹಿಡಿಯುತ್ತದೆ. ಗಾಡಿ ಒಂದು ಮಗ್ಗುಲಿಗೆ ವಾಲಿಕೊಂಡು ಹೋಗುವಾಗ ಗಿರಾಕಿಗಳಿಗೆ ಅದೇ ಮಜಾ. ಒದ್ದೆಯಾಗಿದ್ದರೆ ಅದರ ಮೇಲೆ ದನವೂ ನಡೆಯುವುದಿಲ್ಲ.

ಮಳೆ ಬಂದ ಮಾರನೇ ದಿನ ಬೆಳಗ್ಗೆ ದಾರಿ ನೋಡಿಕೊಂಡು ಬರುವ ಕೆಲಸ ನನ್ನದು. ಅಣ್ಣನಿಗೆ ಅಷ್ಟು ಬೇಗ ಏಳಲು ಬೇಜಾರು. ಆ ಕೆಲಸವೊಂದನ್ನು ನಾನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಒಬ್ಬಳೇ ಹೋಗುತ್ತಿದ್ದೆ. ಪಕ್ಕದ ಸೀಟಿನಲ್ಲಿ ಗರಗಸ, ಹಗ್ಗ, ಒಂದು ಪಿಕಾಸಿ. ಬಿದ್ದ ಕೊಂಬೆ ಕಡಿದು, ಉರುಳಿದ ಕಲ್ಲು ಸರಿಸಿ, ಮೇಲೆ ಹೋಗಿ ಎಂಜಿನ್ ಆಫ್ ಮಾಡಿದರೆ ಕಿವಿಯಲ್ಲಿ ಸ್ವಲ್ಪ ಹೊತ್ತು ಗುಂಯ್ ಎನ್ನುತ್ತಿತ್ತು. ಮುಂದೆ ಯಾರ ಗಾಡಿಯೂ ಇಲ್ಲ, ಧೂಳಿಲ್ಲ. ಆ ಬೆಟ್ಟದಲ್ಲಿ ನಾನು ಮುಂದಿನ ಗಾಡಿ ಓಡಿಸಿದ್ದು ಆ ಬೆಳಗುಗಳಲ್ಲಿ ಮಾತ್ರ.

ಆ ದಿನವೂ ಬೆಳಗ್ಗೆ ಹೋಗಿ ಬಂದಿದ್ದೆ. ಮಳೆಗಾಲ ಮುಗಿಯುತ್ತಾ ಬಂದಿತ್ತು, ಆದರೂ ಹಿಂದಿನ ದಿನ ಒಂದು ಗಂಟೆ ಜೋರು ಹೊಡೆದಿತ್ತು. ಹಾಸುಬಂಡೆಯ ಮೇಲೆ ಇಳಿದು ಷೂ ಉಜ್ಜಿ ನೋಡಿದೆ, ಪಾಚಿ ಜಾರಿತು. ಗಾಡಿ ನಿಲ್ಲಿಸುವ ಷೆಡ್ಡಿಗೆ ಬಂದು ಅಣ್ಣನಿಗೆ ಹೇಳಿದೆ. ಅವನು ಫೋನಿನಲ್ಲಿದ್ದ, ಹ್ಞೂಂ ಎಂದ. ಕೇಳಿಸಿಕೊಂಡನೋ ಇಲ್ಲವೋ ಗೊತ್ತಿಲ್ಲ.

ಗಿರಾಕಿಗಳು ಒಂದೇ ಆಫೀಸಿನವರು, ಎಂಟು ಜನ. ಹೆಚ್ಚಿನವರಿಗೆ ಕನ್ನಡ ಬರುತ್ತಿರಲಿಲ್ಲ. ಮೈಸೂರಿನ ಗಂಡ ಹೆಂಡತಿ ಮಾತ್ರ ಕನ್ನಡದವರು. ಹೆಂಡತಿಗೆ ನನ್ನ ವಯಸ್ಸೇ ಇರಬಹುದು. ಗೇಟಿನ ಫೋಟೋ ನೋಡಿ ನನ್ನನ್ನು ಹುಡುಕಿಕೊಂಡು ಷೆಡ್ಡಿಗೆ ಬಂದರು.

"ಅದು ನೀವೇನಾ? ಎಷ್ಟು ವರ್ಷದಿಂದ ಓಡಿಸ್ತಿದೀರ?"

"ಹದಿನೆಂಟು ತುಂಬ್ದಾಗಿಂದ ಮೇಡಂ. ಆವಾಗ ಜೀಪು."

"ಹೋಗ್ತಾ ನಮ್ಮೆಜಮಾನ್ರು ಓಡಿಸಲಿ. ಬರ್ತಾ ನಾನು ಓಡಿಸ್ತೀನಿ. ಹೇಳ್ಕೊಡ್ತೀರಾ?"

ಹೇಳಿಕೊಡುತ್ತೇನೆ ಎಂದೆ. ಹೆಬ್ಬೆರಳು ಎಲ್ಲಿಡಬೇಕು ಎನ್ನುವುದನ್ನು ಆಗಲೇ ತೋರಿಸಿದೆ. ಅವರು ಗಾಳಿಯಲ್ಲೇ ಸ್ಟೀರಿಂಗ್ ಹಿಡಿದು ಮಾಡಿ ನೋಡಿದರು, ನಕ್ಕರು. ಅವರ ಗಾಡಿ ನನ್ನ ಗಾಡಿಯ ಮುಂದೆಯೇ ಇತ್ತು. ಗಂಡ ಎಡಗಡೆ ಸ್ಟೀರಿಂಗಿನಲ್ಲಿ, ಅವರು ಬಲಗಡೆ.

ಹಳ್ಳದ ಹತ್ತಿರ ಎಲ್ಲರೂ ಇಳಿದು ಫೋಟೋ ತೆಗೆಸಿಕೊಂಡರು. ಮತ್ತೆ ಹತ್ತಿ ಹೊರಟಾಗ ಕಲ್ಲುಮೆಟ್ಟಿಲಿನ ಏರು. ಆರೂ ಗಾಡಿಯಲ್ಲಿ ವಾಕಿಟಾಕಿ ಇತ್ತು. ಒಬ್ಬರು ಆಡಿದ ಮಾತು ಎಲ್ಲರಿಗೂ ಕೇಳುತ್ತಿತ್ತು. ಏರಿನ ಅರ್ಧದಲ್ಲಿ ನಾನು ಬಟನ್ ಒತ್ತಿ ಹೇಳಿದೆ: "ಅಣ್ಣ, ಹಾಸುಬಂಡೆ ಇವತ್ತು ಬೇಡ. ಪಾಚಿ ಇದೆ. ಕೆಳದಾರಿ ಹಿಡಿ."

ಉತ್ತರ ತಕ್ಷಣ ಬಂತು. "ಬಾಲ ಸುಮ್ನೆ ಹಿಂದೆ ಬರ್ಲಿ. ಮುಂದೆ ನಾನಿದೀನಿ."

ಯಾರೋ ನಕ್ಕರು. ಅರ್ಥವಾಗಿ ನಕ್ಕಿದ್ದಲ್ಲ, ಅವನು ಹೇಳಿದ ರೀತಿಗೆ ನಕ್ಕರು. ನಾನು ಮತ್ತೆ, "ಬೆಳಗ್ಗೆ ಕಾಲಲ್ಲಿ ಉಜ್ಜಿ ನೋಡಿದೀನಿ ಕಣೋ, ಜಾರುತ್ತೆ" ಎಂದೆ.

ಆಗ ಅಣ್ಣ, ಆರು ಗಾಡಿಗೂ ಕೇಳುವಂತೆ, "ಗಂಡನ ಜೊತೆ ಮೂರ್ ವರ್ಷ ಗಾಡಿ ಓಡಿಸ್ಲಿಕ್ಕಾಗಿಲ್ಲ, ನಮಗೆ ದಾರಿ ಹೇಳ್ಕೊಡ್ತಾಳೆ" ಎಂದ.

ಈ ಸಲ ನಗು ಇನ್ನೂ ಜೋರಾಗಿ ಬಂತು. ನನ್ನ ಮುಂದಿನ ಗಾಡಿಯಲ್ಲಿದ್ದ ಆ ಹೆಂಗಸು ಮಾತ್ರ ತಿರುಗಿ ನನ್ನ ಕಡೆ ನೋಡಿದರು. ಹೆಲ್ಮೆಟ್ಟಿನ ಗಾಜಿನೊಳಗೆ ಅವರ ಮುಖ ಕಾಣಿಸಲಿಲ್ಲ. ಅವರಿಗೆ ಕನ್ನಡ ಬರುತ್ತಿತ್ತು. ಅವರಿಗೆ ಕೇಳಿಸಿತು ಎನ್ನುವುದೇ ನನಗೆ ಆ ಹೊತ್ತಿನಲ್ಲಿ ಎಲ್ಲಕ್ಕಿಂತ ದೊಡ್ಡ ಅವಮಾನವಾಗಿತ್ತು.

ಅವರು ಹಾಗೆ ತಿರುಗಿದಾಗಲೇ ನಾನು ಅದನ್ನು ನೋಡಿದ್ದು. ಅವರ ಪಕ್ಕದ ಬಲೆ ತೆರೆದಿತ್ತು. ಹಳ್ಳದಲ್ಲಿ ಇಳಿದು ಹತ್ತಿದವರು ಕೊಂಡಿ ಹಾಕಿರಲಿಲ್ಲ. ಬಲೆ ಪಂಜರದ ಪೈಪಿಗೆ ಜೋತುಕೊಂಡು ಒಂದೊಂದು ಕಲ್ಲಿಗೂ ಪಟಪಟ ಬಡಿಯುತ್ತಿತ್ತು. ಹೊರಡುವ ಮುಂಚೆ ಸುತ್ತ ಬಂದು ನೋಡಬೇಕಾದವಳು ನಾನು. ಆ ದಿನ ಅಣ್ಣ ಅವಸರ ಮಾಡಿದ, ನಾನು ನೋಡಿರಲಿಲ್ಲ. ಈಗ ನೋಡಿದೆ. ನನ್ನ ಬೆರಳು ಬಟನ್ ಮೇಲೇ ಇತ್ತು. ಒತ್ತಲಿಲ್ಲ. ಒತ್ತಿದರೆ ನನ್ನ ದನಿ ಮತ್ತೆ ಆರು ಗಾಡಿಗೂ ಕೇಳುತ್ತದೆ, ಅವನು ಮತ್ತೆ ಒಂದು ಮಾತು ಹೇಳುತ್ತಾನೆ, ಅವರೆಲ್ಲ ಮತ್ತೆ ನಗುತ್ತಾರೆ. ಮೇಲೆ ನಿಂತಾಗ ಇಳಿದು ಹೋಗಿ ನಾನೇ ಕೊಂಡಿ ಹಾಕುತ್ತೇನೆ ಅಂದುಕೊಂಡೆ. ಅಣ್ಣ ಕೆಳದಾರಿಯನ್ನೇ ಹಿಡಿಯಬಹುದು ಎಂದೂ ಅಂದುಕೊಂಡೆ. ಇದನ್ನೆಲ್ಲ ಯೋಚಿಸಲು ಎಷ್ಟು ಹೊತ್ತು ಹಿಡಿಯಿತೋ ಅದರ ಕಾಲು ಭಾಗ ಸಾಕಿತ್ತು, ಬಲೆ ಹಾಕಿಕೊಳ್ಳಿ ಎನ್ನಲು.

ಅಣ್ಣ ಹಾಸುಬಂಡೆಯ ಮೇಲೆ ಹೋದ. ಅವನ ಗಾಡಿ ಒಂದು ಕಡೆ ಜಾರಿತು, ಸುಧಾರಿಸಿಕೊಂಡು ದಾಟಿದ. ಎರಡನೆಯದು, ಮೂರನೆಯದು, ನಾಲ್ಕನೆಯದು ಹೇಗೋ ದಾಟಿದವು. ಐದನೆಯ ಗಾಡಿಯ ಹಿಂದಿನ ಚಕ್ರ ಜಾರಿದಾಗ ಆ ಗಂಡ ಹೆದರಿ ಬ್ರೇಕ್ ಒತ್ತಿದರು. ಗಾಡಿ ಅಡ್ಡಡ್ಡ ಕೆಳಗೆ ಜಾರುತ್ತಾ ಹೋಗಿ, ಬಂಡೆಯ ಅಂಚಿನ ಕುಳಿಗೆ ಬಲಗಡೆಯ ಚಕ್ರ ಸಿಕ್ಕಿ, ಹೆಚ್ಚು ಸದ್ದೂ ಇಲ್ಲದೆ ಮಗುಚಿಕೊಂಡಿತು. ಬೀಳುವಾಗ ಯಾರೇ ಆದರೂ ಕೈ ಹೊರಗೆ ಊರುತ್ತಾರೆ. ಅದಕ್ಕೇ ಆ ಬಲೆ ಇರುವುದು. ಅವರು ಬಲಗೈ ಊರಿದರು. ಪಂಜರದ ಪೈಪು ಆ ಕೈಯ ಮೇಲೆ ಕೂತಿತು.

ನಾನು ಮೊದಲು ಓಡಿದೆ, ಆಮೇಲೆ ಅಣ್ಣ. ಗಾಡಿಯನ್ನು ಇಬ್ಬರೂ ಭುಜ ಕೊಟ್ಟು ಎತ್ತಿದೆವು. ಅವರ ಗಂಡನಿಗೆ ಏನೂ ಆಗಿರಲಿಲ್ಲ, ಬೆಲ್ಟಿನಲ್ಲಿ ಜೋತುಕೊಂಡು ಹೆಂಡತಿಯ ಹೆಸರು ಕೂಗುತ್ತಿದ್ದರು. ಆ ಕೈಯನ್ನು ನಾನು ಇಲ್ಲಿ ಬರೆಯುವುದಿಲ್ಲ. ನನ್ನ ವೇಲು ಸುತ್ತಿದೆ. ಕೆಳಗಿನಿಂದ ಜೀಪು ಬರುವವರೆಗೆ ಕಾಯುವಂತಿರಲಿಲ್ಲ. "ನಾನ್ ಇಳಿಸ್ತೀನಿ, ನೀನು ಮಿಕ್ಕೋರನ್ನ ಕೆಳದಾರೀಲಿ ಕರ್ಕೊಂಡ್ ಬಾ" ಎಂದೆ. ಅಣ್ಣ ಮೊದಲ ಸಲ ನನ್ನ ಮಾತಿಗೆ ಎದುರು ಹೇಳಲಿಲ್ಲ. ಅವನ ತುಟಿ ಬೆಳ್ಳಗಾಗಿತ್ತು.

ಎರಡೇ ಸೀಟಿನ ಗಾಡಿ. ಗಂಡನನ್ನೂ ಕೂರಿಸಿಕೊಳ್ಳುವಂತಿಲ್ಲ. ಅವರನ್ನು ನನ್ನ ಪಕ್ಕ ಕೂರಿಸಿ, ಬೆಲ್ಟು ಬಿಗಿದು, ಬಲೆ ಎಳೆದು ಕೊಂಡಿ ಹಾಕಿದೆ. ಕೊಂಡಿ ಟಕ್ ಎಂದ ಸದ್ದು ಈಗಲೂ ಕೇಳುತ್ತದೆ ಎಂದರೆ ನಾಟಕ ಅನಿಸೀತು. ಸರಿಯಾಗಿ ಕೂತಿದೆಯೇ ಎಂದು ಎರಡು ಸಲ ಎಳೆದು ನೋಡಿದೆ.

ಹತ್ತುವಾಗ ಹದಿನೈದು ನಿಮಿಷದ ಆ ಕಲ್ಲುಮೆಟ್ಟಿಲನ್ನು ಇಳಿಯಲು ಎಷ್ಟು ಹೊತ್ತು ತೆಗೆದುಕೊಂಡೆನೋ ಗೊತ್ತಿಲ್ಲ. ಬೇಗ ಹೋದರೆ ಗಾಡಿ ಎತ್ತಿಹಾಕುತ್ತದೆ, ಅವರು ಚೀರುತ್ತಾರೆ. ನಿಧಾನ ಹೋದರೆ ರಕ್ತ. ಒಂದೊಂದು ಕಲ್ಲಿಗೂ ಟೈರು ಎಲ್ಲಿಡಬೇಕು ಎಂದು ಹುಡುಕುತ್ತಾ, ಚಕ್ರ ಕೆಳಗಿಳಿಯುವ ಮೊದಲು, "ಈಗ ಒಂದ್ ಸಣ್ಣ ಏಟು ಮೇಡಂ", "ಈಗ ಎಡಕ್ಕೆ ವಾಲುತ್ತೆ ಮೇಡಂ" ಎಂದು ಹೇಳುತ್ತಾ ಹೋದೆ. ಸ್ವಲ್ಪ ಹೊತ್ತು ಅವರು ಹ್ಞೂಂ ಎನ್ನುತ್ತಿದ್ದರು. ಆಮೇಲೆ ತಲೆಯನ್ನು ನನ್ನ ಭುಜಕ್ಕೆ ಒರಗಿಸಿದರು.

"ಇನ್ನೆಷ್ಟು ದೂರ?"

"ಹಳ್ಳ ಕಾಣ್ತಾ ಇದೆ ಮೇಡಂ."

ಹಳ್ಳ ಕಾಣುತ್ತಿರಲಿಲ್ಲ.

"ಬೆರಳು ಇದಾವಾ? ನನಗೆ ಗೊತ್ತಾಗ್ತಿಲ್ಲ."

"ಇದಾವೆ ಮೇಡಂ. ಎಲ್ಲಾ ಇದಾವೆ. ನೋಡ್ಬೇಡಿ."

ಅದೂ ಸುಳ್ಳು. ನಾವು ಗೇಟು ಮುಟ್ಟುವಷ್ಟರಲ್ಲಿ ಷೆಡ್ಡಿನ ಮೆಕ್ಯಾನಿಕ್ ಫೋನ್ ಮಾಡಿ ಆಂಬುಲೆನ್ಸ್ ತರಿಸಿ ನಿಲ್ಲಿಸಿದ್ದ. ಅವರನ್ನು ಮಡಿಕೇರಿಗೂ ಅಲ್ಲಿಂದ ಮೈಸೂರಿಗೂ ಕರೆದುಕೊಂಡು ಹೋದರು. ಎರಡು ಬೆರಳನ್ನು ಡಾಕ್ಟರಿಗೂ ಉಳಿಸಲಾಗಲಿಲ್ಲ ಎಂದು ಮೂರು ದಿನದ ಮೇಲೆ ಗೊತ್ತಾಯಿತು.

ರೆಸಾರ್ಟಿನ ಮಾಲೀಕರ ಕಡೆಯಿಂದ ಇಬ್ಬರು ಬಂದು ವಿಚಾರಣೆ ಮಾಡುತ್ತಾರೆ ಎಂದರು. ಆ ದಿನ ಬೆಳಗ್ಗೆ ಅವ್ವ ಅಡಿಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಅಣ್ಣ ಹೊರಗೆ ಜಗುಲಿಯಲ್ಲಿ ಕೂತಿದ್ದ. ಅವನಿಗೆ ಒಳಗಿನ ಮಾತು ಕೇಳುತ್ತದೆ, ಅದು ನಮ್ಮ ಮೂವರಿಗೂ ಗೊತ್ತು.

"ಮಗಾ," ಎಂದಳು ಅವ್ವ, ತವದಿಂದ ಕಣ್ಣು ತೆಗೆಯದೆ. "ಅವ್ನಿಗೆ ಹೆಂಡ್ತಿ, ಎರಡು ಮಕ್ಳಿದಾವೆ. ಕೆಲ್ಸ ಹೋದ್ರೆ ಎಲ್ಲಿಗ್ ಹೋಗ್ತಾನೆ? ನಿಂಗೇನವ್ವ, ಒಬ್ಳು. ಎಲ್ಲಾದ್ರೂ ಆಗುತ್ತೆ."

"ನಾನೇನ್ ಹೇಳ್ಬೇಕು ಅಂತೀಯ?"

"ಹೇಳು ಅಂತಿಲ್ಲ. ಸುಮ್ನಿರು ಅಂತಿದೀನಿ."

ನಾನು ಜಗುಲಿಗೆ ಬಂದೆ. ಅಣ್ಣ ತಲೆ ಎತ್ತುತ್ತಾನೆ ಎಂದು ನಿಂತೆ. ಅವನು ಬಾಯಿಬಿಟ್ಟು ಕೇಳಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಅವನು ಫೋನ್ ನೋಡುತ್ತಾ, "ಹೊತ್ತಾಯ್ತು, ಹೋಗಣ" ಎಂದ. ಅಪ್ಪನ ಜೀಪಿನಲ್ಲೇ ಇಬ್ಬರೂ ಹೋದೆವು.

ಅವನನ್ನು ಮೊದಲು ಒಳಗೆ ಕರೆದರು. ಬಾಗಿಲು ಅರ್ಧ ತೆರೆದಿತ್ತು. "ಹಿಂದಿನ ಗಾಡಿಯಿಂದ ಎಲ್ಲಾ ಸರಿ ಇದೆ ಅಂದ್ರು ಸಾರ್. ಹಾಗಾಗಿ ನಾನು ಬಂಡೆ ಹತ್ತಿಸ್ದೆ. ಬಲೆ ನೋಡೋದು ಹಿಂದಿನ ಗಾಡಿಯವ್ರ ಡ್ಯೂಟಿ ಸಾರ್." ಅಂದ್ರು ಎಂದ, ಬಹುವಚನದಲ್ಲಿ. ಮನೆಯಲ್ಲಿ ಯಾವತ್ತೂ ಕೊಡದ ಮರ್ಯಾದೆ.

ನನ್ನ ಸರದಿ ಬಂತು. ನೀವು ಎಲ್ಲಾ ಸರಿ ಇದೆ ಎಂದು ಹೇಳಿದ್ದು ಹೌದೇ ಎಂದು ಕೇಳಿದರು. ಇಲ್ಲ ಎನ್ನಬೇಕಿತ್ತು. ಬಂಡೆ ಬೇಡ ಎಂದು ಎರಡು ಸಲ ಹೇಳಿದೆ ಎನ್ನಬೇಕಿತ್ತು. ನಾನು ಹೇಳಿದ್ದು ಇಷ್ಟು: "ಬಲೆ ತೆಗೆದಿದ್ದು ನಾನು ನೋಡಿದ್ದೆ ಸಾರ್. ಹೇಳ್ಲಿಲ್ಲ."

ಅವರಲ್ಲಿ ಒಬ್ಬರು ಪೆನ್ನು ಕೆಳಗಿಟ್ಟರು. "ನೋಡಿಯೂ ಹೇಳ್ಲಿಲ್ವಾ? ಯಾಕೆ?"

ಯಾಕೆ ಎನ್ನುವುದಕ್ಕೆ ಉತ್ತರ ಹೇಳಿದರೆ ಅಣ್ಣ ಆಡಿದ ಮಾತನ್ನು ಆ ಕೋಣೆಯಲ್ಲಿ ನನ್ನ ಬಾಯಲ್ಲಿ ಮತ್ತೊಮ್ಮೆ ಆಡಬೇಕಿತ್ತು. "ಹೇಳ್ಲಿಲ್ಲ, ಅಷ್ಟೇ ಸಾರ್" ಎಂದೆ. ಹೀಗೆ ನಾನು ಸುಳ್ಳು ಹೇಳದೆ ಅಣ್ಣನನ್ನು ಉಳಿಸಿದೆ. ತ್ಯಾಗ ಎಂದು ಅವ್ವ ಆಮೇಲೆ ನಾಲ್ಕು ಜನರ ಹತ್ತಿರ ಹೇಳಿಕೊಂಡಳು. ನನಗೆ ಹಾಗೆ ಅನಿಸಿಲ್ಲ. ಆ ಎರಡು ಬೆರಳು ಹೋದದ್ದರಲ್ಲಿ ನನ್ನ ಪಾಲೂ ಇತ್ತು, ಯಾರಾದರೂ ಒಬ್ಬರು ಅದನ್ನು ಒಪ್ಪಿಕೊಳ್ಳಬೇಕಿತ್ತು. ಅವನ ಪಾಲನ್ನು ಅವನೇ ಬಂದು ಒಪ್ಪಿಕೊಳ್ಳುತ್ತಾನೆ ಎಂದು ಕಾದದ್ದು ನನ್ನ ದಡ್ಡತನ.

ಅದೇ ದಿನ ಕೆಲಸ ಹೋಯಿತು. ಗೇಟಿನ ಫೋಟೋ ತೆಗೆಯಲು ಇನ್ನೂ ಒಂದು ತಿಂಗಳು ಹಿಡಿಯಿತು. ನೆಂಟರು ಯಾರಾದರೂ ಆ ಕಡೆ ಹೋದವರು, ನೀನಿನ್ನೂ ಅಲ್ಲೇ ಇದೀಯಾ ಎಂದು ಕೇಳುತ್ತಿದ್ದರು.

ಮೆಕ್ಯಾನಿಕ್ ಕುಟ್ಟದ ಕಡೆಯವನು, ಮಲಯಾಳಿ; ಅಕ್ಕ ಎನ್ನುವುದಕ್ಕೆ ಚೇಚಿ ಎನ್ನುತ್ತಿದ್ದ. ನಾನು ಹೆಲ್ಮೆಟ್ಟು ವಾಪಸ್ ಕೊಡಲು ಷೆಡ್ಡಿಗೆ ಹೋದಾಗ ಕೈಯಲ್ಲಿದ್ದ ಸ್ಪ್ಯಾನರ್ ಇಟ್ಟು ಹತ್ತಿರ ಬಂದ. "ಚೇಚಿ, ಷೆಡ್ಡಲ್ಲಿ ವಾಕಿಟಾಕಿ ಆನ್ ಇತ್ತು. ನಾನು ಎಲ್ಲಾ ಕೇಳಿದ್ದೇನೆ. ಬಂಡೆ ಬೇಡ ಅಂದದ್ದು, ಅವ್ರು ಅಂದದ್ದು, ಎಲ್ಲಾ. ಹೋಗಿ ಹೇಳ್ಲಾ?"

ನಾನು ಬೇಡ ಎಂದೆ.

"ಯಾಕೆ ಚೇಚಿ?"

"ಅವ್ನೇ ಹೇಳ್ಲಿ."

ಮೆಕ್ಯಾನಿಕ್ ನನ್ನ ಮುಖವನ್ನೇ ನೋಡಿದ. "ಅವ್ರು ಹೇಳುದಿಲ್ಲ" ಎಂದ. ಪರವೂರಿನ ಅವನಿಗೆ ಗೊತ್ತಾದದ್ದು ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ನನಗೆ ಗೊತ್ತಾಗಿರಲಿಲ್ಲ.

ಆರು ತಿಂಗಳು ಕಳೆದ ಮೇಲೆ ಮೈಸೂರಿಗೆ ಹೋದೆ. ಬೆರಳು ಕಳೆದುಕೊಂಡ ಆ ಮೇಡಂ ಮನೆ ಗೊತ್ತಾದದ್ದು ಮೆಕ್ಯಾನಿಕ್‌ನಿಂದಲೇ. ಒಂದು ಡಬ್ಬಿ ಜೇನು ತೆಗೆದುಕೊಂಡು ಹೋಗಿದ್ದೆ. ಅವರೇ ಬಾಗಿಲು ತೆಗೆದರು, ಎಡಗೈಯಲ್ಲಿ. ಗುರುತು ಹಿಡಿದು ಒಳಗೆ ಕರೆದರು. ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಕೂತರು. ಕಾಫಿ ಕೊಟ್ಟರು.

"ಅವತ್ತು ನೀವು ಎಷ್ಟು ಚೆನ್ನಾಗಿ ಇಳಿಸಿದ್ರಿ. ಒಂದೊಂದು ಕಲ್ಲೂ ಹೇಳಿ ಹೇಳಿ. ಡಾಕ್ಟರ್ ಹತ್ರಾನೂ ಹೇಳ್ದೆ. ಬೇರೆಯವ್ರಾಗಿದ್ರೆ ಕೈಯೇ ಹೋಗ್ತಿತ್ತೇನೋ."

ಅಲ್ಲಿಗೆ ಬಿಟ್ಟು ಎದ್ದು ಬರಬಹುದಿತ್ತು. ಆದರೆ ಅದನ್ನು ಕೇಳಿಸಿಕೊಂಡು ಹೋಗಲು ನಾನು ಬಂದಿರಲಿಲ್ಲ. ಹೇಳಿದೆ. ಬಲೆ ತೆರೆದದ್ದು ನೋಡಿದ್ದೆ, ಬೆರಳು ಬಟನ್ ಮೇಲಿತ್ತು, ಒತ್ತಲಿಲ್ಲ.

ಅವರು ಸೆರಗನ್ನು ಬಲಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡರು. ಬೀದಿಯಲ್ಲಿ ಯಾರೋ ತರಕಾರಿ ಕೂಗಿಕೊಂಡು ಹೋದರು.

"ನಿಮ್ಮಣ್ಣ ನಿಮ್ಮ ಬಗ್ಗೆ ಆ ಮಾತು ಆಡಿದ್ದಕ್ಕಾ?" ಎಂದು ಕೇಳಿದರು ಕೊನೆಗೆ.

ಹೌದು ಎಂದೆ.

"ನನಗೂ ಕೇಳಿಸ್ತು ಅದು. ಬೇಜಾರಾಗಿ ನಿಮ್ಮ ಕಡೆ ತಿರುಗಿ ನೋಡ್ದೆ." ಎದ್ದು ನಿಂತು ಹೇಳಿದರು: "ನೀವು ಇದನ್ನ ನನಗೆ ಹೇಳ್ಬಾರ್ದಾಗಿತ್ತು. ಇಷ್ಟು ದಿನ ಅದು ಬಂಡೆಯ ತಪ್ಪು ಅಂದ್ಕೊಂಡಿದ್ದೆ. ನಿಮಗೆ ಹಗುರ ಆಯ್ತಲ್ಲ? ಇನ್ನು ಬರಬೇಡಿ."

ನಾನು ಚಪ್ಪಲಿ ಹಾಕಿಕೊಳ್ಳುವಾಗ ಜೇನಿನ ಡಬ್ಬಿಯನ್ನು ಎಡಗೈಯಲ್ಲಿ ನನಗೆ ವಾಪಸ್ ಕೊಟ್ಟರು. ಬಾಗಿಲನ್ನು ಮೆಲ್ಲಗೇ ಹಾಕಿದರು. ನನಗೆ ಹಗುರವೂ ಆಗಿರಲಿಲ್ಲ.

ಚೆಟ್ಟಳ್ಳಿಯ ಒಂದು ಎಸ್ಟೇಟಿನಲ್ಲಿ ಜೀಪು ಓಡಿಸುವ ಕೆಲಸ ಸಿಕ್ಕಿ ಈಗ ಎರಡು ವರ್ಷ. ಬೆಳಗ್ಗೆ ಲೈನ್ ಮನೆಗಳಿಂದ ಆಳುಗಳನ್ನು ಕರೆದುಕೊಂಡು ತೋಟಕ್ಕೆ ಬಿಡುವುದು, ಕಾಫಿ ಕೊಯ್ಯುವ ಪಿಕ್ಕಿಂಗ್ ಸಮಯದಲ್ಲಿ ಚೀಲ ಸಾಗಿಸುವುದು. ದಾರಿ ಒಳ್ಳೆಯದು. ಎಸ್ಟೇಟಿನ ಲೆಕ್ಕ ಉಸ್ತುವಾರಿ ನೋಡುವ ರೈಟರು ವಯಸ್ಸಾದವರು, ಹೆಚ್ಚು ಮಾತಿಲ್ಲ. ಇರಲು ಒಂದು ಕೋಣೆ ಕೊಟ್ಟಿದ್ದಾರೆ.

ಕಳೆದ ಮಳೆಗಾಲದಲ್ಲಿ ಆ ಕಲ್ಲುದಾರಿ ಹಳ್ಳದಿಂದ ಮೇಲಕ್ಕೆ ಪೂರ್ತಿ ಜರಿದುಹೋಯಿತಂತೆ. ರೆಸಾರ್ಟಿನವರು ಬಗ್ಗಿ ಮಾರಿದರು, ಅಣ್ಣನನ್ನು ಕೆಲಸದಿಂದ ಬಿಡಿಸಿದರು. ಅಪ್ಪನ ಜೀಪನ್ನು ಅವನು ಅಷ್ಟು ಹೊತ್ತಿಗೆ ಮಾರಿಬಿಟ್ಟಿದ್ದ. ಈ ವರ್ಷ ಪಿಕ್ಕಿಂಗ್ ಶುರುವಾಗುವ ಮೊದಲು ಒಂದು ದಿನ ಅವನು ಚೆಟ್ಟಳ್ಳಿಗೆ ಬಂದ. ಬಸ್ಸಿಳಿದು ನಡೆದುಕೊಂಡು ಬಂದಿದ್ದ, ಷರ್ಟು ಬೆವರಿತ್ತು. ನಾನು ಜೀಪು ತೊಳೆಯುತ್ತಿದ್ದೆ.

"ಇಲ್ಲಿ ಇನ್ನೊಂದ್ ಡ್ರೈವರ್ ಬೇಕಂತೆ," ಎಂದ. "ರೈಟ್ರಿಗೆ ಒಂದ್ ಮಾತು ಹೇಳು."

"ಒಂದು ಕೇಳ್ತೀನಿ, ಹೇಳು. ಅವತ್ತು ನಾನು ಬಂಡೆ ಬೇಡ ಅಂದಿದ್ನಾ, ಇಲ್ವಾ?"

"ಅದೆಲ್ಲ ಈಗ್ಯಾಕೆ."

"ಅಂದಿದ್ನಾ?"

ಅವನು ಜೀಪಿನ ಟೈರನ್ನು ಕಾಲಿನಿಂದ ಒತ್ತಿ ನೋಡಿದ. "ಗಾಳಿ ಕಮ್ಮಿ ಇದೆ ಇದ್ರಲ್ಲಿ" ಎಂದ.

ರೈಟರು ಆಫೀಸಿನಿಂದ ಹೊರಗೆ ಬಂದು, ಯಾರಿದು ಎಂದು ಕೇಳಿದರು. ನನ್ನ ಅಣ್ಣ ಎಂದೆ. "ಓಡಿಸೋದು ಹೇಗೆ?" ಎಂದರು. ಅಣ್ಣ ನನ್ನ ಕಡೆ ನೋಡಿದ. ಅವ್ವನ ಕಣ್ಣೇ ಅವನಿಗೆ; ಅದು ನನಗೆ ಯಾವತ್ತೂ ಕಷ್ಟ.

"ಗಾಡಿ ಚೆನ್ನಾಗ್ ಓಡಿಸ್ತಾನೆ ಸಾರ್," ಎಂದೆ. "ಹಿಂದೆ ಇರೋರು ಹೇಳಿದ್ ಮಾತು ಕೇಳಲ್ಲ. ಕೇಳ್ದೆ ಹೋಗಿ ಏನಾದ್ರೂ ಆದ್ರೆ ಅವ್ರ ಮೇಲೇ ಹೇಳ್ತಾನೆ. ನಿಮ್ ಜೀಪಲ್ಲಿ ಹಿಂದೆ ಹತ್ತು ಹೆಂಗಸ್ರು ಕೂರ್ತಾರೆ."

ರೈಟರು ನಗಲಿಲ್ಲ. ನೋಡೋಣ, ಆಮೇಲೆ ಹೇಳಿಕಳಿಸುತ್ತೇನೆ ಎಂದು ಒಳಗೆ ಹೋದರು. ಅಣ್ಣನಿಗೆ ಮೇನ್ ರೋಡಿನವರೆಗೆ ಜೀಪಿನಲ್ಲಿ ಬಿಡುತ್ತೇನೆ ಎಂದೆ, ಬೇಡ ಎಂದು ಕೈ ಆಡಿಸಿ ನಡೆದುಕೊಂಡೇ ಹೋದ. ಅವನ ಒಂದು ಕಾಲು ಸ್ವಲ್ಪ ಎಳೆಯುತ್ತಿತ್ತು. ಯಾವಾಗಿನಿಂದ ಹಾಗೆ ಎಂದು ನನಗೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ.

ಆ ಸಂಜೆ ಅವ್ವ ಫೋನ್ ಮಾಡಿದಳು. "ಒಡಹುಟ್ದೋನ ಅನ್ನಕ್ಕೆ ಮಣ್ಣ್ ಹಾಕ್ದಲ್ಲೇ" ಎಂದಳು. ನಾನು, ಹೂಂ ಅವ್ವ, ಹಾಕಿದೆ ಎಂದೆ. ಅವಳು ಅಳುತ್ತಾ ಇಟ್ಟಳು. ಹಬ್ಬಕ್ಕೆ ಕರೆಯಲಿಲ್ಲ, ನಾನು ಹೋಗಲೂ ಇಲ್ಲ. ಅತ್ತಿಗೆ ಮಾತ್ರ ಕುಶಾಲನಗರದ ಸಂತೆಯಲ್ಲಿ ಒಮ್ಮೆ ಸಿಕ್ಕಿದ್ದಳು. ತೂಗಿಸಿಕೊಳ್ಳುತ್ತಿದ್ದ ಬೀನ್ಸನ್ನು ಹಾಗೇ ಬಿಟ್ಟು ನನ್ನ ಹತ್ತಿರ ಬಂದು, "ನೀನು ಬಂಡೆ ಬೇಡ ಅಂದಿದ್ದನ್ನ ಅವ್ರು ನನ್ನ ಹತ್ರ ಹೇಳಿದಾರೆ. ವಿಚಾರಣೆ ಆದ ವಾರಾನೇ ಹೇಳಿದ್ರು" ಎಂದಳು.

"ಮತ್ತೆ ನೀನ್ಯಾಕೆ ಸುಮ್ನಿದ್ದೆ ಅತ್ತಿಗೆ?"

"ಮಕ್ಳಿದಾವಲ್ಲ" ಎಂದಳು. ತರಕಾರಿಯವನು ಕೂಗಿದ. ಅವಳು ಚೀಲ ಹಿಡಿದುಕೊಂಡು ಹೋದಳು.